ಮದ್ದಿನ ಬಂದೂಕು ಕಲಿಯುವವರಿಗೆ: ಗಜದ ಮೇಲೆ ಎರಡು ಗೆರೆ

ಬೆಳೆ ಕಾಯಲು ಲೈಸೆನ್ಸ್ ಪಡೆದ ಒಂಟಿ ನಳಿಗೆಯ ನಾಡಬಂದೂಕು ಇರುವ ಮನೆಗಳು ನಮ್ಮ ಚಿತ್ರದುರ್ಗ ಸೀಮೆಯಲ್ಲಿ ಇನ್ನೂ ಇವೆ. ಇದಕ್ಕೆ ತೋಟಾ ಹಾಕಲು ಬರುವುದಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಗಜದಿಂದ ಜಡಿದು, ಹಿಂದೆ ಕೇಪು ಇಟ್ಟು ಹೊಡೆಯಬೇಕು. ಮಲೆನಾಡಿನವರು ಇದನ್ನೇ ಕೇಪಿನ ಕೋವಿ ಅಂತಾರೆ. ಇದನ್ನು ಬಳಸಿ ಗೊತ್ತಿದ್ದ ಹಿರಿಯರೆಲ್ಲ ಎಪ್ಪತ್ತು ಎಂಬತ್ತು ದಾಟಿದ್ದಾರೆ. ಲೈಸೆನ್ಸ್ ಮಕ್ಕಳ ಹೆಸರಿಗೆ ಬರುತ್ತಿದೆ, ಬಳಸುವ ಕ್ರಮ ಮಾತ್ರ ಬರುತ್ತಿಲ್ಲ. ಅಪಾಯ ಇರುವುದು ಅಲ್ಲೇ.

ನಾನು ಈ ಬಂದೂಕು ಕಲಿತದ್ದು ನನ್ನ 52ನೇ ವಯಸ್ಸಿನಲ್ಲಿ, ಅಪ್ಪನ ಕೈಕೆಳಗೆ. ಗುಡ್ಡದ ಅಂಚಿಗೆ ನಮ್ಮದು ಐದು ಎಕರೆ ಮಸಾರಿ ಹೊಲ. ಶೇಂಗಾ ಕಾಯಿ ಕಟ್ಟಿದ ಮೇಲೆ ಹಂದಿ ಹಿಂಡು ಒಂದು ರಾತ್ರಿ ನುಗ್ಗಿದರೆ ಅರ್ಧ ಎಕರೆ ಉತ್ತಂತೆ ಮಾಡಿ ಹೋಗುತ್ತೆ. ಕಾಯುವುದು ಅನಿವಾರ್ಯ. ಕಲಿತದ್ದನ್ನು ಕ್ರಮವಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ಕಾಗದಪತ್ರ

ಬಂದೂಕಿಗೆ ಸರ್ಕಾರದ ಚೀಟಿ ಬೇಕು ಅನ್ನುವುದು ಇಂದಿನದಲ್ಲ. 1857ರಲ್ಲಿ ಇಂಗ್ಲಿಷರು ಆಯುಧ ಒಪ್ಪಿಸಿ ಅಂದಾಗ ಮುಧೋಳ ಸೀಮೆಯ ಹಲಗಲಿ ಬೇಡರು ಒಪ್ಪದೆ ದಂಗೆ ಎದ್ದದ್ದು ನಮಗೆಲ್ಲ ಗೊತ್ತು. ಈಗ ನಡೆಯುತ್ತಿರುವುದು 1959ರ ಆಯುಧ ಕಾಯ್ದೆ ಮತ್ತು 2016ರ ನಿಯಮಗಳು. ಆ ಕಾಯ್ದೆಯ 13ನೇ ಕಲಮಿನಲ್ಲಿ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಬಂದೂಕಿನ ಲೈಸೆನ್ಸ್ ವಿಚಾರ ಹೆಸರು ಹಿಡಿದು ಹೇಳಿದೆ. ಅರ್ಜಿ ಹೋಗುವುದು ಜಿಲ್ಲಾಧಿಕಾರಿ ಕಚೇರಿಗೆ. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಮುಗಿಯುವ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಅಪ್ಪನ ಬಂದೂಕು ತಾನಾಗಿಯೇ ಮಗನದಾಗುವುದಿಲ್ಲ. ಲೈಸೆನ್ಸುದಾರರು ತೀರಿಕೊಂಡರೆ ಬಂದೂಕನ್ನು ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಿ ರಸೀತಿ ಪಡೆದು, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಅಟ್ಟದ ಮೇಲೆ ಸುಮ್ಮನೆ ಇಟ್ಟುಕೊಂಡರೆ ಅದು ಅಪರಾಧ. ಇನ್ನೊಂದು ದಾರಿಯೂ ಇದೆ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಬಂದೂಕು ಅವರ ಹತ್ತಿರ 25 ವರ್ಷ ಇದ್ದಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೇಳಬಹುದು. ನಾವು ಹಾಗೇ ಮಾಡಿದ್ದು. ಅದರಿಂದಲೇ ಅಪ್ಪ ಪಕ್ಕದಲ್ಲಿ ಕೂತು ಕಲಿಸುವುದಕ್ಕೆ ಆಯಿತು.

2016ರ ನಿಯಮದಲ್ಲಿ ಬಂದೂಕಿನ ಸುರಕ್ಷಾ ತರಬೇತಿಯ ಮಾತಿದೆ. ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಅದಕ್ಕೆ ತಪ್ಪದೆ ಹೋಗಿ. ಅಲ್ಲಿ ಕಲಿಸುವುದು ಅವರ ರೈಫಲ್ಲಿನ ಮೇಲೆ. ಆದರೂ ಬಂದೂಕಿನ ಬಾಯಿ ಯಾವ ಕಡೆ ಇರಬೇಕು, ಬೆರಳು ಎಲ್ಲಿರಬೇಕು ಅನ್ನುವ ಪಾಠ ಎಲ್ಲ ಬಂದೂಕಿಗೂ ಒಂದೇ.

ಜೋಗಿಮಟ್ಟಿಯಂಥ ವನ್ಯಜೀವಿ ಧಾಮದಿಂದ 10 ಕಿಲೋಮೀಟರ್ ಒಳಗೆ ಇರುವವರು ಲೈಸೆನ್ಸ್ ಬಂದೂಕಿನ ವಿವರವನ್ನು ಅರಣ್ಯ ಇಲಾಖೆಯಲ್ಲೂ ನೋಂದಾಯಿಸಬೇಕು. ಚುನಾವಣೆ ಬಂತೆಂದು ಠಾಣೆಗೆ ಒಪ್ಪಿಸಲು ಹೇಳಿದರೆ ಒಪ್ಪಿಸಿ, ರಸೀತಿ ಜೋಪಾನ ಮಾಡಿ.

ಲೈಸೆನ್ಸ್ ಇದ್ದರೆ ಹಂದಿ ಹೊಡೆಯಬಹುದೇ?

ಇಲ್ಲ. ಇದನ್ನು ತುಂಬಾ ಜನ ತಪ್ಪು ತಿಳಿದಿದ್ದಾರೆ. ಬಂದೂಕಿನ ಲೈಸೆನ್ಸ್ ಬೇರೆ, ಪ್ರಾಣಿ ಕೊಲ್ಲುವ ಅನುಮತಿ ಬೇರೆ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ಬೆಳೆಗೆ ಅಪಾಯ ಅಂತ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಆದೇಶ ಕೊಟ್ಟರೆ ಮಾತ್ರ ಹೊಡೆಯಬಹುದು. ನವಿಲು, ಕೃಷ್ಣಮೃಗ, ಕರಡಿ ಒಂದನೇ ಪಟ್ಟಿಯವು. ಬೆಳೆ ತಿಂದವು ಅನ್ನುವ ಕಾರಣಕ್ಕೆ ಅವನ್ನು ಹೊಡೆಯಲು ಅನುಮತಿಯೇ ಸಿಗುವುದಿಲ್ಲ.

ಹಾಗಾಗಿ ನನ್ನಂಥವನಿಗೆ ಈ ಬಂದೂಕು ಸದ್ದು ಮಾಡುವ ಸಾಧನ ಅಷ್ಟೇ. ಮದ್ದು ಮತ್ತು ಕತ್ತ ಮಾತ್ರ ಹಾಕುತ್ತೇನೆ, ಸೀಸ ಹಾಕುವುದಿಲ್ಲ. ಅಂತ ಅದು ಆಟಿಕೆಯಲ್ಲ. ಹತ್ತಿರದಿಂದ ಬರೀ ಕತ್ತದ ಉಂಡೆ ಬಡಿದರೂ ಕಣ್ಣು ಹೋಗುತ್ತೆ, ಮಾಂಸ ಹರಿಯುತ್ತೆ.

ಮದ್ದಿನ ಗುಣ

ಕರಿಮದ್ದಿನಲ್ಲಿ ಇರುವುದು ಪೆಟ್ಲುಪ್ಪು, ಗಂಧಕ, ಇದ್ದಿಲು. ಮನೆಯಲ್ಲಿ ಕುಟ್ಟಿ ಮಾಡುವ ಯೋಚನೆ ಬೇಡ. ಅದು ಕಾನೂನಿಗೆ ವಿರುದ್ಧ, ಕುಟ್ಟುವಾಗಲೇ ಹೊತ್ತಿ ಸತ್ತವರೂ ಇದ್ದಾರೆ. ಲೈಸೆನ್ಸ್ ಇರುವ ಅಂಗಡಿಯಲ್ಲಿ ಪುಸ್ತಕಕ್ಕೆ ಬರೆಸಿ, ಬೇಕಾದಷ್ಟೇ ತನ್ನಿ.

ಈ ಮದ್ದಿಗೆ ಒಂದು ಸಣ್ಣ ಕಿಡಿ ಸಾಕು. ಬೀಡಿ, ಲಾಟೀನು, ಒಲೆ ಹತ್ತಿರ ಇರಬಾರದು. ಸುಟ್ಟಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಲ್ಲಿನ ಪುಡಿಯಾಗಿ, ನಳಿಗೆಯೊಳಗೆ ಮಸಿಯಾಗಿ ಉಳಿಯುತ್ತೆ. ಆ ಮಸಿಯಲ್ಲಿ ಉಪ್ಪಿನಂಶ ಇದೆ. ಬಾಯಿ ಬಿಚ್ಚಿಟ್ಟ ಯೂರಿಯಾ ಚೀಲದ ಹಾಗೆ ಗಾಳಿಯ ನೀರು ಎಳೆದುಕೊಂಡು ಕಬ್ಬಿಣ ತಿನ್ನುತ್ತೆ.

ಇನ್ನೊಂದು ಮುಖ್ಯ ಮಾತು. ತೋಟಾಗಳಲ್ಲಿ ಬರುವ ಹೊಗೆಯಿಲ್ಲದ ಮದ್ದು ಬೇರೆ ಜಾತಿಯದು. ತೋಟಾ ಬಿಚ್ಚಿ ಅದರ ಮದ್ದನ್ನು ನಾಡಬಂದೂಕಿಗೆ ಸುರಿದರೆ ಒತ್ತಡ ತಾಳದೆ ನಳಿಗೆ ಸೀಳುತ್ತೆ. ಸ್ವಲ್ಪ ಹಾಕಿದರೆ ಏನಾಗುತ್ತೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ತುಂಬುವ ಕ್ರಮ

ಮೊದಲ ಹದಿನೈದು ದಿನ ಅಪ್ಪ ಮದ್ದನ್ನು ಮುಟ್ಟಲು ಬಿಡಲಿಲ್ಲ. ಖಾಲಿ ಬಂದೂಕಿನಲ್ಲಿ ಕ್ರಮ ಮಾತ್ರ ಮಾಡಿಸಿದರು. ಸಾಲು ತಪ್ಪಿದರೆ ಮತ್ತೆ ಮೊದಲಿಂದ. ಆ ಸಾಲು ಹೀಗಿದೆ.

1. ಕುದುರೆಯ ಕೆಳಗೆ, ಕೇಪು ಕೂರುವ ನಿಪ್ಪಲ್ ಮೇಲೆ, ಕೇಪು ಇಲ್ಲ ಅಂತ ನೋಡಿ. ತುಂಬಿ ಮುಗಿಯುವವರೆಗೆ ಕೇಪಿನ ಡಬ್ಬಿ ಜೇಬಿನಲ್ಲೇ ಇರಲಿ.

2. ಗಜ ಇಳಿಸಿ ನಳಿಗೆ ಖಾಲಿ ಇದೆಯೇ ನೋಡಿ. ಇದನ್ನು ಮುಂದೆ ವಿವರಿಸಿದ್ದೇನೆ.

3. ಹಿಂಬದಿ ಮರವನ್ನು ನೆಲಕ್ಕೆ ಊರಿ, ನಳಿಗೆಯ ಬಾಯಿ ನಿಮ್ಮ ಮುಖದಿಂದ ಆಚೆಗೆ ವಾಲಿರಲಿ. "ಲೇ, ಬಂದೂಕಿನ ಬಾಯಿಗೂ ಹೋರಿಯ ಕೊಂಬಿಗೂ ಮುಖ ಕೊಡಬೇಡ ಕಣೋ" ಅಂತ ಅಪ್ಪ ದಿನಾ ಹೇಳೋರು.

4. ಮದ್ದನ್ನು ಅಳತೆಯಲ್ಲಿ ಹಾಕಿ. ನಮ್ಮ ಮನೆಯಲ್ಲಿ ಇದಕ್ಕೆ ಬಿದಿರಿನ ಪುಟ್ಟ ಅಳತೆ ಇದೆ, ದನಕ್ಕೆ ಔಷಧಿ ಕುಡಿಸುವ ಗೊಟ್ಟದ ಮರಿ ಇದ್ದಂತೆ. ಅಳತೆ ಒಂದೊಂದು ಬಂದೂಕಿಗೆ ಒಂದೊಂದು. ನಿಮ್ಮ ಬಂದೂಕು ಗೊತ್ತಿರುವವರಿಂದಲೇ ತಿಳಿಯಿರಿ. ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಲೇಬೇಡಿ. ಹಿಂದಿನ ಹೊಡೆತದ ಕೆಂಡ ಒಳಗೆ ಉಳಿದಿದ್ದರೆ ಅಳತೆಯಲ್ಲಿರುವಷ್ಟು ಮದ್ದು ಹೊತ್ತುವುದು ಒಂದು ಮಾತು, ಕೈಯಲ್ಲಿರುವ ಡಬ್ಬಿಯೇ ಹೊತ್ತುವುದು ಇನ್ನೊಂದು ಮಾತು.

5. ಅಳತೆ, ಡಬ್ಬಿ ಎರಡನ್ನೂ ಮುಚ್ಚಿ ದೂರ ಇಡಿ. ಆಮೇಲೆ ತೆಂಗಿನ ಕತ್ತದ ಉಂಡೆ ಬಾಯಿಗಿಟ್ಟು ಗಜದಿಂದ ತಳದವರೆಗೆ ಕೂರಿಸಿ. ಗಜವನ್ನು ಬೆರಳ ತುದಿಯಲ್ಲಿ ಹಿಡಿದು ಗೇಣು ಗೇಣಾಗಿ ಒತ್ತಬೇಕು. ಅಂಗೈಯನ್ನು ಗಜದ ತಲೆಯ ಮೇಲಿಟ್ಟು ಗುದ್ದಬಾರದು. ಕತ್ತ ಮದ್ದಿಗೆ ಒತ್ತಿ ಕೂತಿರಬೇಕು. ಅನುಮತಿ ಇದ್ದು ಚರೆ ತುಂಬುವವರಿಗೆ ಇದು ಇನ್ನೂ ಮುಖ್ಯ. ಮದ್ದಿಗೂ ಚರೆಗೂ ನಡುವೆ ಟೊಳ್ಳು ಉಳಿದರೆ ನಳಿಗೆ ಉಬ್ಬಬಹುದು, ಸೀಳಬಹುದು.

6. ಗಜ ಹೊರಗೆ ತೆಗೆದು ಅದರ ಜಾಗದಲ್ಲಿಡಿ. ಗಡಿಬಿಡಿಯಲ್ಲಿ ಗಜ ಒಳಗೇ ಉಳಿದರೆ ಅದು ಬಾಣದಂತೆ ಹಾರುತ್ತೆ.

7. ಹೊಡೆಯುವ ಜಾಗದಲ್ಲಿ ನಿಂತು, ಬಾಯಿ ಸರಿಯಾದ ದಿಕ್ಕಿಗೆ ಹಿಡಿದ ಮೇಲೆ, ಕೊನೆಗೆ ಕೇಪು.

ಎರಡು ಗೆರೆ

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ನಾಡಬಂದೂಕನ್ನು ಹೊರಗಿಂದ ನೋಡಿದರೆ ಅದರಲ್ಲಿ ಮದ್ದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ತೋಟಾ ಬಂದೂಕಿನ ಹಾಗೆ ಮುರಿದು ನೋಡಲು ಬರುವುದಿಲ್ಲ. ಅನಾಹುತಗಳು ಇಲ್ಲಿಂದಲೇ ಹುಟ್ಟುವುದು. ಖಾಲಿ ಅಂದುಕೊಂಡು ಯಾರದೋ ಕಡೆ ತಿರುಗಿಸುತ್ತಾರೆ. ಇಲ್ಲವೇ ತುಂಬಿದ್ದು ಮರೆತು ಅದರ ಮೇಲೆ ಇನ್ನೊಂದು ಸಲ ತುಂಬುತ್ತಾರೆ. ನಮ್ಮ ಪಕ್ಕದ ಊರಲ್ಲಿ ಹಿಂದೆ ಹೀಗೆ ಎರಡು ಸಲ ತುಂಬಿದ ಬಂದೂಕು ಸೀಳಿ ಒಬ್ಬರ ಎಡಗೈ ಬೆರಳು ಹೋದವು.

ಉಪಾಯ ಸುಲಭ, ಖರ್ಚಿಲ್ಲ. ಖಾಲಿ ಇರುವುದು ಖಚಿತವಾದ ನಳಿಗೆಗೆ ಗಜ ಪೂರ್ತಿ ಇಳಿಸಿ, ಬಾಯಿಯ ಅಂಚಿಗೆ ಸರಿಯಾಗಿ ಗಜದ ಮೇಲೆ ಚಾಕುವಿನಿಂದ ಒಂದು ಗೆರೆ ಹಾಕಿ. ಇದು ಖಾಲಿ ಗೆರೆ. ಸರಿಯಾದ ಅಳತೆಯಲ್ಲಿ ತುಂಬಿ ಜಡಿದ ಮೇಲೆ ಗಜ ಎಲ್ಲಿಗೆ ನಿಲ್ಲುತ್ತೋ ಅಲ್ಲಿ ಎರಡನೇ ಗೆರೆ. ಇದು ತುಂಬಿದ ಗೆರೆ.

ಬಂದೂಕು ಕೈಗೆ ತಗೊಂಡಾಗಲೆಲ್ಲ ಮೊದಲು ಕೇಪು ಇಲ್ಲ ಅಂತ ನೋಡಿ, ಮುಖ ಆಚೆ ಹಿಡಿದು ಗಜ ಇಳಿಸಿ. ಖಾಲಿ ಗೆರೆ ಬಾಯಿಗೆ ಬಂದರೆ ಖಾಲಿ. ತುಂಬಿದ ಗೆರೆ ಬಂದರೆ ಮದ್ದಿದೆ. ತುಂಬಿದ ಗೆರೆಗಿಂತಲೂ ಮೇಲೆ ನಿಂತರೆ ಎರಡು ಸಲ ತುಂಬಿದೆ ಅಥವಾ ಕತ್ತ ನಡುವೆ ಸಿಕ್ಕಿದೆ, ಹೊಡೆಯಲೇಬಾರದು. ಲೈಸೆನ್ಸ್ ಇರುವ ಬಂದೂಕು ರಿಪೇರಿಯವರನ್ನು ಕೇಳಿ, ಅವರು ಹೇಳಿದಂತೆ ಮಾಡಿ. ಅಳತೆ ಬದಲಾದರೆ ಗೆರೆಯೂ ಬದಲಾಗುತ್ತೆ, ಅದನ್ನು ಮರೆಯಬೇಡಿ.

ಹೊಡೆಯುವಾಗ

ಹಂದಿ ಬಂತು ಅಂತ ಸದ್ದು ಬಂದ ಕಡೆ ಹೊಡೆಯಬಾರದು. ರಾತ್ರಿ ಹೊಲದಲ್ಲಿ ಸದ್ದು ಮಾಡುವುದು ಹಂದಿ ಒಂದೇ ಅಲ್ಲ. ಪಕ್ಕದ ಹೊಲದವರು ಕಾಯಲು ಬಂದಿರುತ್ತಾರೆ, ಬಿಟ್ಟ ದನ ಇರುತ್ತೆ. ಹಂದಿ ಅಂತ ತಿಳಿದು ಮನುಷ್ಯರಿಗೆ ಹೊಡೆದ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ನಾವು ಮೂರು ಹೊಲದವರು ಸೇರಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಬಂದೂಕು ಹೊಡೆಯುವ ಜಾಗ ಒಂದೇ, ದಿಕ್ಕು ಒಂದೇ. ಹೊಡೆಯುವ ಮುಂಚೆ ಕೂಗು ಹಾಕಬೇಕು, ಆ ಕಡೆಯಿಂದ ಮರುಕೂಗು ಬರಬೇಕು.

ಕತ್ತ ಕೆಂಡವಾಗಿ ಹೊರಗೆ ಬೀಳುತ್ತೆ. ಮಳೆಗಾಲದಲ್ಲಿ ಚಿಂತೆಯಿಲ್ಲ. ಸುಗ್ಗಿ ಮುಗಿದು ಹೊಲ ಒಣಗಿದ ಮೇಲೆ ಬಣವೆಯ ಕಡೆ, ಒಣಹುಲ್ಲಿನ ಕಡೆ ಹೊಡೆಯಬೇಡಿ. ಕಿವಿಗೆ ಬೆಣೆ, ಕಣ್ಣಿಗೆ ಕನ್ನಡಕ ಇರಲಿ. ಕೇಪಿನ ಚೂರು ಹಿಂದಕ್ಕೂ ಹಾರುತ್ತೆ.

ಕೇಪು ಸಿಡಿದು ಮದ್ದು ಹೊತ್ತದಿದ್ದರೆ ತಕ್ಷಣ ಇಳಿಸಬೇಡಿ, ಬಾಯಿ ನೋಡಲು ಹೋಗಬೇಡಿ. ಮದ್ದು ತಡವಾಗಿ ಹೊತ್ತುವುದುಂಟು. ಹಿಡಿದ ದಿಕ್ಕಿಗೇ ಹಿಡಿದು ಒಂದು ನಿಮಿಷವಾದರೂ ನಿಧಾನವಾಗಿ ಎಣಿಸಿ. ಆಮೇಲೆ ಹಳೇ ಕೇಪು ತೆಗೆದು ಹೊಸದು ಇಟ್ಟು ನೋಡಿ. ಹೊಡೆದ ಮೇಲೆ ಮತ್ತೆ ತುಂಬುವುದಿದ್ದರೆ ಸ್ವಲ್ಪ ತಡೆದು, ಗಜಕ್ಕೆ ಒದ್ದೆ ಬಟ್ಟೆ ಸುತ್ತಿ ನಳಿಗೆ ಒರೆಸಿ, ಒಣ ಬಟ್ಟೆ ಆಡಿಸಿ, ಆಮೇಲೆ ತುಂಬಿ.

ತುಂಬಿದ ಬಂದೂಕು ಮನೆಗೆ ಬರಬಾರದು. ಬೆಳಗಾಗುವಾಗ ಮದ್ದು ಉಳಿದಿದ್ದರೆ ಗೊತ್ತಾದ ಜಾಗದಲ್ಲೇ ಹೊಡೆದು ಖಾಲಿ ಮಾಡಿ ಬನ್ನಿ. ಮನೆಯಲ್ಲಿ ಬಂದೂಕಿಗೆ ಒಂದು ಬೀಗ, ಮದ್ದು ಕೇಪುಗಳಿಗೆ ಬೇರೆ ಬೇರೆ ಜಾಗ.

ಅದೇ ದಿನ ತೊಳೆಯಿರಿ

ಸೀಮೆಎಣ್ಣೆ ಒರೆಸಿದರೆ ಸಾಕು ಅನ್ನುವವರಿದ್ದಾರೆ. ಸಾಲದು. ಮಸಿಯಲ್ಲಿರುವ ಉಪ್ಪು ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ನಿಪ್ಪಲ್ ಬಿಚ್ಚಿ, ಬಿಸಿನೀರು ಹಾಕಿ, ಗಜಕ್ಕೆ ಬಟ್ಟೆ ಸುತ್ತಿ ನೀರು ತಿಳಿ ಬರುವವರೆಗೆ ತೊಳೆಯಬೇಕು. ನೀರು ಬಿಸಿ ಇದ್ದರೆ ಕಬ್ಬಿಣ ಬೇಗ ಒಣಗುತ್ತೆ. ಪೂರ್ತಿ ಒಣಗಿಸಿ ಆಮೇಲೆ ತೆಳ್ಳಗೆ ಎಣ್ಣೆ. ಮುಂದೆ ಹೊಡೆಯುವ ಮುಂಚೆ ಆ ಎಣ್ಣೆ ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಮದ್ದು ಒದ್ದೆಯಾಗಿ ಹೊತ್ತುವುದಿಲ್ಲ. ವರ್ಷಕ್ಕೊಮ್ಮೆ ತಿಳಿದವರಿಂದ ನಳಿಗೆ ಪರೀಕ್ಷೆ ಮಾಡಿಸಿ. ತುಕ್ಕು ತಿಂದ ನಳಿಗೆಯ ಮೇಲೆ ಆಸೆ ಇಟ್ಟುಕೊಳ್ಳಬೇಡಿ.

ಎಷ್ಟು ಉಪಯೋಗ?

ಇದ್ದದ್ದು ಇದ್ದಂತೆ ಹೇಳುತ್ತೇನೆ. ನಮ್ಮ ಹೊಲದಲ್ಲಿ ಮೊದಲ ವಾರ ಒಂದು ಸದ್ದಿಗೆ ಹಂದಿ ಗುಡ್ಡ ಸೇರುತ್ತಿದ್ದವು. ಮೂರನೇ ವಾರಕ್ಕೆ ಸದ್ದು ಕೇಳಿ ನಿಂತು, ಮತ್ತೆ ಮೇಯಲು ಶುರು ಮಾಡಿದವು. ಈಗ ಬಂದೂಕನ್ನು ದಿನಾ ಹೊಡೆಯುವುದಿಲ್ಲ. ಬೆಂಕಿ, ತಗಡಿನ ಸದ್ದು, ನಾಯಿ, ಟಾರ್ಚು ಇವುಗಳ ಜೊತೆ ವಾರಕ್ಕೆ ಒಂದೆರಡು ಸಲ, ಹೊತ್ತು ಬದಲಿಸಿ ಹೊಡೆಯುತ್ತೇನೆ. ಹಾನಿ ನಿಂತಿಲ್ಲ, ಕಡಿಮೆಯಾಗಿದೆ. ಆದ ಹಾನಿಗೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡುತ್ತೇನೆ. ಬೇಲಿಗೆ ಕರೆಂಟು ಕೊಡುವುದು, ಸಿಡಿಮದ್ದಿನ ಉಂಡೆ ಇಡುವುದು ಮಾತ್ರ ಬೇಡವೇ ಬೇಡ. ಅವು ಹಂದಿಗಿಂತ ಮೊದಲು ನಮ್ಮ ದನ, ನಾಯಿ, ಮಕ್ಕಳನ್ನು ಹುಡುಕುತ್ತವೆ.

ಮನೆಯಲ್ಲಿ ಹಳೇ ಬಂದೂಕು ಇದ್ದು, ಅದು ಗೊತ್ತಿರುವ ಹಿರಿಯರೂ ಇದ್ದರೆ, ಈ ಮಳೆಗಾಲಕ್ಕೆ ಮುಂಚೆಯೇ ಅವರ ಹತ್ತಿರ ಕೂತು ಕಲಿಯಿರಿ. ಗಜಕ್ಕೆ ಗೆರೆ ಇಲ್ಲದಿದ್ದರೆ ಅವರ ಕೈಯಿಂದಲೇ ಹಾಕಿಸಿ. ಹಂದಿ ಓಡಿಸಲು ನಿಮ್ಮಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇದ್ದರೆ ಪತ್ರಿಕೆಗೆ ಬರೆಯಿರಿ, ನಮಗೂ ಬೇಕಾಗಿದೆ.