ಗುರು ಕುದಿಯುವುದು ಕಣದ ಕಾವಿಗೆ

ಪ್ರಶ್ನೆ: ನನ್ನದು 130 ಮಿ.ಮೀ. ದರ್ಪಣದ ದೂರದರ್ಶಕ. ಕಾಫಿ ಕಣದಲ್ಲಿಟ್ಟು ಮೊಬೈಲಿನಲ್ಲಿ ಗುರುಗ್ರಹದ ಫೋಟೊ ತೆಗೆದರೆ ಬರೀ ಅಲುಗಾಡುವ ಬಿಳಿ ಉಂಡೆ. ಇನ್ನೂ ದೊಡ್ಡದು ಕೊಳ್ಳಲೇ?
– ಬೆಳೆಗಾರ, ಮೂಡಿಗೆರೆ

ಉತ್ತರ: ಬೇಡಿ, ದುಡ್ಡು ಉಳಿಸಿ. ಕಾರಣ ನಿಮ್ಮ ಪತ್ರದಲ್ಲೇ ಇದೆ: ಕಣ. ಹಗಲಿಡೀ ಬಿಸಿಲು ಕುಡಿದ ಸಿಮೆಂಟು ರಾತ್ರಿ ಬಹಳ ಹೊತ್ತು ಕಾವು ಬಿಡುತ್ತಿರುತ್ತದೆ. ಕಾಫಿಗೆ ಕಣ ಬೇಕೇ ಬೇಕು, ಆದರೆ ಅಲ್ಲಿಂದ ಏಳುವ ಬಿಸಿಗಾಳಿ ಗ್ರಹದ ಬಿಂಬವನ್ನು ಕಲಕಿಬಿಡುತ್ತದೆ. ದೂರದರ್ಶಕವನ್ನು ಹುಲ್ಲಿನ ಮೇಲಿಡಿ. ನೋಡುವ ಒಂದು ಗಂಟೆ ಮುಂಚೆಯೇ ಹೊರಗೆ ತನ್ನಿ, ದರ್ಪಣವೂ ತಣಿಯಬೇಕು. ಮನೆಯ ಮಾಡಿನ ಮೇಲಿಂದ ಗುರಿಯಿಡಬೇಡಿ, ಹೆಂಚೂ ಬಿಸಿಯೇ.

ಬಿಳಿ ಉಂಡೆಯ ತಪ್ಪು ಮೊಬೈಲಿನದು. ಸುತ್ತಲಿನ ಕತ್ತಲೆ ಕಂಡು ಅದು ಬೆಳಕು ಏರಿಸುತ್ತದೆ. ಗುರುವಿನ ಪಟ್ಟೆಗಳು ಮೂಡುವವರೆಗೆ ಎಕ್ಸ್‌ಪೋಶರ್ ಇಳಿಸಿ. ಆಮೇಲೆ ಫೋಟೊ ಬದಲು ಒಂದೂವರೆ ನಿಮಿಷದ ವಿಡಿಯೊ ಮಾಡಿ. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುತ್ತದೆ, ವಿಡಿಯೊ ಉದ್ದವಾದಷ್ಟೂ ವಿವರ ಮಸುಕು. ಆಟೊಸ್ಟ್ಯಾಕರ್ಟ್ ಎಂಬ ಉಚಿತ ತಂತ್ರಾಂಶ ಅದರ ಸಾವಿರಾರು ಫ್ರೇಮುಗಳಲ್ಲಿ ಗಾಳಿ ನಿಂತ ಕ್ಷಣದವನ್ನು ಆರಿಸಿ ಒಂದರ ಮೇಲೊಂದು ಕೂರಿಸುತ್ತದೆ. ನಾವು ಕಾಫಿ ಬೀಜ ಹೆಕ್ಕಿದ ಹಾಗೇ ಅನ್ನಿ.

ಕೈ ಪಳಗಲು ಚಂದ್ರನೇ ಸರಿ. ಹುಣ್ಣಿಮೆಯ ಚಂದ್ರ ನೆರಳಿಲ್ಲದೆ ಸಪ್ಪೆ. ಶುಕ್ಲ ಅಷ್ಟಮಿಯ ಆಸುಪಾಸು ಬೆಳಕು-ಕತ್ತಲೆಯ ಗಡಿಯಲ್ಲಿ ಕುಳಿಗಳು ಎದ್ದು ಕಾಣುತ್ತವೆ.

ಇಬ್ಬನಿಗೆ ಕೊಳವೆಯ ಬಾಯಿಗೆ ರಟ್ಟು ಸುತ್ತಿ. ಮಳೆಗಾಲದಲ್ಲಿ ಕಣ್ಣುಮಸೂರಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿಡಿ, ಮಲೆನಾಡಿನ ಬೂಷ್ಟು ಗಾಜನ್ನೂ ಬಿಡದು. 2027ರ ಫೆಬ್ರುವರಿಯಲ್ಲಿ ಗುರು ಸೂರ್ಯನಿಗೆ ಎದುರಾಗಿ, ನಡುರಾತ್ರಿಯ ಹೊತ್ತಿಗೆ ನಿಮ್ಮ ನೆತ್ತಿಯ ಮೇಲೇ ಇರುತ್ತದೆ.