ಬೆನ್ನುಮೂಳೆಯ ಗಡ್ಡೆ: ಸೂಜಿ ಪರೀಕ್ಷೆಗೆ ಅಂಜಬೇಡಿ



ಬೆನ್ನುನೋವು ಹೆಚ್ಚಾಗಿ ದುಡಿಮೆಯ ಆಯಾಸದಿಂದ ಬರುತ್ತದೆ, ವಿಶ್ರಾಂತಿ ಪಡೆದರೆ ಇಳಿಯುತ್ತದೆ. ಆದರೆ ಮಲಗಿದರೂ ಇಳಿಯದ, ರಾತ್ರಿ ಹೆಚ್ಚಾಗುವ, ವಾರಗಟ್ಟಲೆ ಬಿಡದ ನೋವಿದ್ದರೆ ಲೇಪ, ಮಾಲೀಸುಗಳಲ್ಲಿ ಕಾಲ ಕಳೆಯಬೇಡಿ. ಅಪರೂಪಕ್ಕೆ ಅದು ಗಡ್ಡೆಯಿಂದಲೂ ಬರಬಹುದು.

ಕಾರ್ಡೋಮಾ ಅಂತಹ ಒಂದು ಗಡ್ಡೆ. ವರ್ಷಕ್ಕೆ 10 ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ಬೆನ್ನುಮೂಳೆಯ ಕೆಳತುದಿಯಲ್ಲಿ ಸದ್ದಿಲ್ಲದೆ ನಿಧಾನವಾಗಿ ಬೆಳೆಯುತ್ತದೆ. ಎಕ್ಸ್-ರೇಯಲ್ಲಿ ಕಾಣದೆಯೂ ಇರಬಹುದು. ಗಡ್ಡೆ ಎಲ್ಲಿದೆ, ನರಗಳನ್ನು ಎಷ್ಟು ಒತ್ತಿದೆ ಎಂಬುದನ್ನು ಎಂ.ಆರ್.ಐ. ತೋರಿಸುತ್ತದೆ.

ಆದರೆ ಕ್ಷಯರೋಗವೂ ಬೆನ್ನುಮೂಳೆಗೆ ಬರುತ್ತದೆ; ಅದರ ಚಿಕಿತ್ಸೆಯೇ ಬೇರೆ. ರೋಗ ಯಾವುದೆಂದು ಖಚಿತಪಡಿಸಲು ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಬೇಕು.

ಸೂಜಿ ಚುಚ್ಚಿದರೆ ಗಡ್ಡೆ ಹರಡುತ್ತದೆಂದು ಹೆದರಿ ರೋಗಿಯನ್ನು ಮನೆಗೆ ಕರೆದೊಯ್ಯಬೇಡಿ. ಆ ಅಪಾಯವನ್ನು ತಡೆಯಲೆಂದೇ, ಮುಂದೆ ಗಡ್ಡೆಯೊಡನೆ ತೆಗೆದುಹಾಕಬಹುದಾದ ದಾರಿಯಲ್ಲೇ ಸೂಜಿ ಹಾಕಲು ವೈದ್ಯರು ಮೊದಲೇ ಯೋಜಿಸುತ್ತಾರೆ. ಆದ್ದರಿಂದ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರನ್ನು ಕಂಡ ಮೇಲೆಯೇ ಬಯಾಪ್ಸಿ ಮಾಡಿಸಿ.

ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ, ಕೂರುವ ಭಾಗ ಜೋಮು ಹಿಡಿದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಬನ್ನಿ. ಹಳೆಯ ವರದಿಗಳನ್ನೆಲ್ಲ ತನ್ನಿ.

ಕಾಯ ಉಳಿದರೆ ಕಾಯಕ. ಸಂಶಯವಿದ್ದರೆ ಸಂಕೋಚಪಡದೆ ಕೇಳಿ.