ಪರಿಚಯವೆಂಬ ಬಂಡವಾಳ

ಉದ್ಯೋಗಕ್ಕೂ ವ್ಯಾಪಾರಕ್ಕೂ ವಿದ್ಯೆ ಮತ್ತು ಹಣದಷ್ಟೇ ಜನಪರಿಚಯವೂ ಅವಶ್ಯವೆಂಬುದು ಈಗ ಸರ್ವವಿದಿತ. ಇದು ಶಿಫಾರಸಿನ ಮಾತೆಂದು ಕೆಲವು ಮಿತ್ರರು ಆಕ್ಷೇಪಿಸುವುದುಂಟು. ಅಲ್ಲವೆಂಬುದು ನನ್ನ ನಮ್ರ ಅಭಿಪ್ರಾಯ. ಶಿಫಾರಸು ಯೋಗ್ಯತೆಯ ಸ್ಥಾನವನ್ನು ಕಸಿಯುತ್ತದೆ. ಪರಿಚಯವಾದರೋ ಯೋಗ್ಯನಿಗೆ ಸುದ್ದಿ ಮುಟ್ಟಿಸುತ್ತದೆ.

ನಮ್ಮ ಗುಂಡ್ಲುಪೇಟೆ ಸೀಮೆಯ ತರಕಾರಿ ಕೇರಳಕ್ಕೆ ಹೋಗುತ್ತದೆ. ಆ ಕಡೆಯ ವ್ಯಾಪಾರಿಯ ಪರಿಚಯವುಳ್ಳ ರೈತನು ಅಲ್ಲಿನ ಬೆಲೆಯನ್ನು ಕೇಳಿ ತಿಳಿಯಬಲ್ಲನು. ಇಲ್ಲದವನು ದಲ್ಲಾಳಿ ಹೇಳಿದ್ದನ್ನೇ ನಂಬಬೇಕು.

ಉದ್ಯೋಗದಲ್ಲಿಯೂ ಹೀಗೆಯೇ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಂತೆ, ಪರಿಚಿತರ ಮೂಲಕ ಕೆಲಸ ಪಡೆದವರಲ್ಲಿ ಶೇಕಡ 16.7 ಮಂದಿ ಮಾತ್ರ ಆ ಪರಿಚಿತರನ್ನು ಪದೇಪದೇ ಕಾಣುತ್ತಿದ್ದರು. ಮಿಕ್ಕವರಿಗೆ ನೆರವಾದವರು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಭೇಟಿಯಾಗುವವರು. ಕಾರಣ ಸ್ಪಷ್ಟ: ಆಪ್ತರು ಬಲ್ಲದ್ದನ್ನು ನಾವೂ ಬಲ್ಲೆವು, ಹೊಸ ಸುದ್ದಿ ದೂರದವರಿಂದ ಬರಬೇಕು.

ಬೇಗೂರಿನ ನಮಗೆ ಇದು ಮುಖ್ಯ. ನಮ್ಮಲ್ಲಿ ಅನೇಕರ ಪರಿಚಯ ನೆಂಟರಿಷ್ಟರಲ್ಲಿಯೇ ಮುಗಿಯುತ್ತದೆ. ಯೋಗ್ಯತೆಯಿದ್ದೂ ಸುದ್ದಿ ತಿಳಿಯದೆ ಹಿಂದುಳಿಯುವುದು ದೊಡ್ಡ ನಷ್ಟ. ಆದುದರಿಂದ ಹಳೆಯ ವಿದ್ಯಾರ್ಥಿಗಳನ್ನು ವಿಚಾರಿಸೋಣ, ಅಧ್ಯಾಪಕರ ಸಲಹೆ ಕೇಳೋಣ, ಬೇರೆ ಊರಿನ ಸಹಪಾಠಿಗಳೊಡನೆ ಬೆರೆಯೋಣ. ಪಡೆದ ಸುದ್ದಿಯನ್ನು ಬಚ್ಚಿಡದೆ ಇತರರಿಗೂ ತಿಳಿಸೋಣ. ಕೊಟ್ಟಷ್ಟೂ ಬೆಳೆಯುವ ಬಂಡವಾಳವಿದು.